ಸೀಟಿನ ಬೋಲ್ಟಿನ ಕೆಳಗಿನ ಟಾರು

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದು ಹೇಳಿದ್ದು ನನ್ನ ಸೋದರಮಾವ. ಬೈದು ಹೇಳಿದ್ದಲ್ಲ, ಹೊಟ್ಟೆಕಿಚ್ಚಿನಿಂದಲೂ ಅಲ್ಲ. ಒಂದು ಲಾರಿಯ ಬ್ಯಾಟರಿಗೆ ನೀರು ತುಂಬುತ್ತಾ, ಇವತ್ತು ಬಸ್ಸು ತಡ ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ.

"ನಮ್ಮೋರ ತಲೇಲಿ ಓದು ನಿಲ್ಲಕಿಲ್ಲ ಕಣವ್ವ, ಸೋರ್ತದೆ. ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಕೂತು ನೋಡಿದೀನಿ. ನಿಮ್ಮವ್ವ ಏಳನೇ ಕ್ಲಾಸಿಗೇ ಬುಟ್ಲು. ನೀನೂ ಎಲ್ಲೋ ಒಂದ್ಕಡೆ ನಿಲ್ತೀಯ. ನಿಂತಾಗ ಇಲ್ಲಿಗೆ ಬಾ, ಸ್ಟೂಲ್ ಅದೆ."

ನಿಂತೂ ಬಿಟ್ಟೆ. ಪಿಯುಸಿ ಗಣಿತದಲ್ಲಿ ಉರುಳಿ ಎರಡು ವರ್ಷ ಆ ಸ್ಟೂಲಿನ ಮೇಲೆಯೇ ಕೂತೆ. ಪಿಕ್ಕಿಂಗ್ ತಿಂಗಳುಗಳಲ್ಲಿ ಅವ್ವನ ಜೊತೆ ಎಸ್ಟೇಟಿಗೆ ಹೋಗಿ ಕಾಫಿ ಹಣ್ಣು ಕೊಯ್ಯುವುದು, ಉಳಿದ ತಿಂಗಳು ಮಾವನ ಅಂಗಡಿಯಲ್ಲಿ ವೈರು ಸುಲಿಯುವುದು. ಮಾದಾಪುರದಲ್ಲಿ ಬಸ್ಸು ನಿಲ್ಲುವ ಕಡೆಯಿಂದ ನಾಲ್ಕು ಹೆಜ್ಜೆ ದೂರದ ಹಲಗೆ ಅಂಗಡಿ ಅದು. ಡೈನಮೋ, ಬ್ಯಾಟರಿ, ಹಾರನ್ನು, ಹೆಡ್‌ಲೈಟು. ಪ್ರತಿ ಬಸ್ಸೂ ಹೊರಡುವುದು ಅಲ್ಲಿಂದ ಕಾಣುತ್ತಿತ್ತು. ಎರಡು ವರ್ಷ ಬಸ್ಸು ಹೊರಡುವುದನ್ನು ನೋಡಿದವರಿಗೆ ನನ್ನ ಚಡಪಡಿಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರನೇ ವರ್ಷ ಗಣಿತ ಕಟ್ಟಿ ಪಾಸು ಮಾಡಿದೆ, ಬಿ.ಎಸ್ಸಿ.ಗೆ ಸೇರಿದೆ, ನಾನೇ ಆ ಬಸ್ಸು ಹತ್ತಿದೆ.

ಇವತ್ತು ನಾನು ಪದವೀಧರೆ. ನಮ್ಮ ಎಸ್ಟೇಟಿನ ಕೂಲಿ ಲೈನಿನ ಹನ್ನೆರಡು ಮನೆಗಳಲ್ಲಿ ಮೊದಲನೆಯವಳು. ಇಂಥದನ್ನು ಸ್ವಲ್ಪ ಮೆಲ್ಲಗೆ ಹೇಳಿಕೊಳ್ಳಬೇಕು ಎಂದು ಕೆಲವರು ಬುದ್ಧಿ ಹೇಳುತ್ತಾರೆ. ನಾನು ಮೆಲ್ಲಗೆ ಹೇಳುವುದಿಲ್ಲ. ಆದರೆ ಕೊನೇ ವರ್ಷ ಒಂದು ವಾರದಲ್ಲಿ ಅದು ಕೈ ತಪ್ಪುವುದರಲ್ಲಿತ್ತು, ಒಂದು ಜೀಪಿನ ದೆಸೆಯಿಂದ.

ಕೊನೇ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಎಂದು ಒಂದಿತ್ತು. ಎಲ್ಲಾದರೂ ಕೆಲಸ ಕಲಿತು, ಅಲ್ಲಿಯವರ ಕೈಯಿಂದ ಸರ್ಟಿಫಿಕೇಟು ತರಬೇಕು. ನನ್ನ ಜೊತೆಯವರು ಮೈಸೂರಿನಲ್ಲಿ ರೂಮು ಮಾಡಿಕೊಂಡು ಕಂಪನಿಗಳಿಗೆ ಹೋದರು. ನನಗೆ ಅದು ಆಗುವಂತಿರಲಿಲ್ಲ. ವಿಭಾಗದ ಮುಖ್ಯಸ್ಥೆ ಮೇಡಂ ಮುಂದೆ ನಿಂತು, "ನಮ್ಮ ಮಾವನ ಅಂಗಡಿಯಲ್ಲಿ ಮಾಡ್ತಿದ್ದೇನೆ ಮೇಡಂ, ಗಾಡಿ ವೈರಿಂಗು, ಕಾರ್ ಆಡಿಯೋ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಂಗಡಿ ಆದರೂ ಪರವಾಗಿಲ್ಲ. ಆದರೆ ಮಾಲೀಕರು ಕೈಯಾರೆ ಬರೆದು ಸೀಲು ಹಾಕಿರಬೇಕು. ನೀನು ಒಂದಾದರೂ ದೋಷ ಹುಡುಕಿ ಸರಿ ಮಾಡಿರಬೇಕು, ರೀಡಿಂಗ್ ಸಮೇತ. ಶುಕ್ರವಾರ ನಾಲ್ಕು ಗಂಟೆ ಕೊನೆ. ಆಮೇಲೆ ಬಂದರೆ ಹಾಲ್ ಟಿಕೆಟ್ ನನ್ನ ಕೈಯಲ್ಲಿಲ್ಲ."

ಅದು ಸೋಮವಾರ. ಆ ಸಂಜೆಯೇ ಮಾವನನ್ನು ಕೇಳಿದೆ. ಮಾವ ಸುಲಿಯುತ್ತಿದ್ದ ವೈರು ಬಿಟ್ಟು ನಕ್ಕ.

"ಏನಂತ ಬರೀಲಿ? ಟೀ ಚೆನ್ನಾಗಿ ತರ್ತಾಳೆ ಅಂತಲಾ?"

"ಮಾವ, ತಮಾಷೆ ಅಲ್ಲ. ಹಾಲ್ ಟಿಕೆಟ್ ಕೊಡಲ್ಲ."

"ನಾನೂ ತಮಾಷೆ ಮಾಡ್ತಿಲ್ಲ. ಇಪ್ಪತ್ತೇಳು ವರ್ಷ ಆಯ್ತು ಅಂಗಡಿ ಇಟ್ಟು. ನನ್ನ ಸೈನು ಸುಳ್ಳಿಗೆ ಬಿದ್ದಿಲ್ಲ. ನೀನು ವೈರು ಸುಲೀತೀಯ, ಹೇಳಿದ ಕಡೆ ಬೋಲ್ಟು ಬಿಗೀತೀಯ. ದೋಷ ಹುಡುಕೋದು ಬೇರೆ ವಿದ್ಯೆ ಕಣವ್ವ." ಅಂಗಡಿ ಮುಂದೆ ನಿಂತಿದ್ದ ಕಪ್ಪು ಜೀಪಿನ ಕಡೆ ಗದ್ದ ಎತ್ತಿ ತೋರಿಸಿದ. "ಅದನ್ನ ಸರಿ ಮಾಡು. ಬರ್ಕೊಡ್ತೀನಿ. ನನ್ನ ಕೈಲಿ ಆಗಿಲ್ಲ ಅದು."

ಈಚೆಗೆ ನಮ್ಮ ಕಡೆ ಜೀಪಿಗೆ ಬಂಪರ್ ಇಲ್ಲದಿದ್ದರೂ ನಡೆಯುತ್ತದೆ, ಸಬ್‌ವೂಫರ್ ಇಲ್ಲದಿದ್ದರೆ ನಡೆಯುವುದಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಕಪ್ಪು ಬಟ್ಟೆ ಹೊದಿಸಿದ ದೊಡ್ಡ ಪೆಟ್ಟಿಗೆ, ಸೀಟಿನ ಅಡಿಗೆ ಆಂಪ್ಲಿಫೈಯರು. ತಿರುವಿನ ಆಚೆ ಜೀಪು ಬರುತ್ತಿರುವುದು ಕಣ್ಣಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ. ಈ ಜೀಪಿನ ಯಜಮಾನರು ಅರೆಭಾಷೆಯ ಗೌಡರು, ಕಾಫಿ ತೋಟದವರು, ಐವತ್ತು ದಾಟಿದವರು. ಜುಲೈಯಲ್ಲಿ ನಮ್ಮಲ್ಲೇ ಆಂಪ್ಲಿಫೈಯರ್ ಹಾಕಿಸಿದ್ದರು. ಆವತ್ತಿನಿಂದ ಒಂದೇ ಕಾಯಿಲೆ: ಮೆಲ್ಲಗೆ ಹಾಕಿದರೆ ಹಾಡುತ್ತದೆ, ಜೋರು ಮಾಡಿದರೆ ನಾಲ್ಕು ಏಟಿಗೆ ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಗಿ ಪೆಟ್ಟಿಗೆ ಮೂಕಾಗುತ್ತದೆ. ಒಂದು ನಿಮಿಷ ಬಿಟ್ಟು ತಾನೇ ಎದ್ದು ಮತ್ತೆ ಹಾಡುತ್ತದೆ.

ಶನಿವಾರ ಕೈಲ್ ಮುಹೂರ್ತ. ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೇಗಿಲು, ಗಾಡಿ ಎಲ್ಲವನ್ನೂ ತೊಳೆದು ಹೂ ಇಟ್ಟು ಪೂಜೆ ಮಾಡಿ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಆ ಮೈದಾನದಲ್ಲಿ ಜೀಪಿನ ಪೆಟ್ಟಿಗೆಯಿಂದ ವಾಲಗ ಕೇಳಿಸುವ ಜವಾಬ್ದಾರಿಯನ್ನು ಈ ಯಜಮಾನರು ತಾವೇ ಮುಂದೆ ಬಿದ್ದು ವಹಿಸಿಕೊಂಡಿದ್ದರು.

ಮಾವ ಅಲ್ಲಿಯವರೆಗೆ ಏನೇನು ಮಾಡಿದ್ದ ಎಂದರೆ, ಫ್ಯೂಸು ಬದಲಿಸಿದ್ದ. ಬ್ಯಾಟರಿ ಬದಲಿಸಿದ್ದ. ಅಂಗಡಿಯಲ್ಲಿದ್ದ ಬೇರೆ ಆಂಪ್ಲಿಫೈಯರನ್ನೇ ಕೂರಿಸಿ ನೋಡಿದ್ದ, ಅದೂ ಹಾಗೇ ಕೆಂಪಾಯಿತು. ಪೆಟ್ಟಿಗೆಯ ವೈರು ಬಿಚ್ಚಿ ಟಾರ್ಚಿನ ಸೆಲ್ಲನ್ನು ತಾಗಿಸಿದಾಗ ಸಬ್‌ವೂಫರಿನ ಹೊಟ್ಟೆ 'ಟಪ್' ಎಂದು ಮುಂದಕ್ಕೆ ಬಂದಿತು, ಅಂದರೆ ಅದು ಸತ್ತಿಲ್ಲ. ಕೊನೆಗೆ ಜೇಬಿನಿಂದ ತನ್ನ ಬಲ್ಬು ತೆಗೆದಿದ್ದ. ಎರಡು ವೈರು ಕಟ್ಟಿದ ಸಣ್ಣ ಬಲ್ಬು. ಇಪ್ಪತ್ತೇಳು ವರ್ಷದಿಂದ ಮಾವನ ಅಂಗಿ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಇರುವುದು ಅದೇ. ಕರೆಂಟಿನ ವೈರಿಗೆ ಒಂದು ತುದಿ, ಕರೆಂಟು ವಾಪಸು ಹೋಗುವ ಅರ್ತಿನ ಕಪ್ಪು ವೈರಿಗೆ ಇನ್ನೊಂದು. ಬಲ್ಬು ಫಳ್ಳನೆ ಉರಿದಿತ್ತು. "ಕರೆಂಟ್ ಭರ್ತಿ ಅದೆ. ಏನು ರೋಗ ಇದಕ್ಕೆ?"

ಮಂಗಳವಾರ ಕಾಲೇಜಿಗೆ ಹೋಗಲಿಲ್ಲ. ನನ್ನ ಹತ್ತಿರ ಒಂದು ಹಳದಿ ಮಲ್ಟಿಮೀಟರು ಇತ್ತು, ಮೊದಲ ವರ್ಷ ಅವ್ವ ಕೊಡಿಸಿದ್ದು. ಬ್ಯಾಟರಿಯಲ್ಲಿ ಹನ್ನೆರಡು ಪಾಯಿಂಟ್ ಆರು ವೋಲ್ಟ್. ಆಂಪ್ಲಿಫೈಯರಿನ ಬಾಯಲ್ಲಿ ಹನ್ನೆರಡು ಪಾಯಿಂಟ್ ಐದು. ಏನೂ ವ್ಯತ್ಯಾಸವಿಲ್ಲ. ಮೂರು ವರ್ಷ ಓದಿದವಳ ಮೀಟರು, ಮಾವನ ಬಲ್ಬು ಹೇಳಿದ್ದನ್ನೇ ಅಂಕಿಯಲ್ಲಿ ಹೇಳಿತು.

"ಎಷ್ಟು ತೋರಿಸ್ತು?" ಎಂದ ಮಾವ ಒಳಗಿನಿಂದ.

"ಭರ್ತಿ."

"ಅದನ್ನೇ ನನ್ನ ಬಲ್ಬೂ ಹೇಳಿದ್ದು. ಅದಕ್ಕೆ ಸೆಮಿಸ್ಟರ್ ಇಲ್ಲ."

ಮಧ್ಯಾಹ್ನ ಯಜಮಾನರು ಬಂದು, ಬಾಯಿಗೆ ಬಂದದ್ದು ಅಂದು, ಜೀಪು ತೆಗೆದುಕೊಂಡು ಹೋದರು. "ಮೂರು ಸಲ ತಂದೆ. ಮೂರು ಸಲನೂ ಕರೆಂಟ್ ಉಟ್ಟು, ಕರೆಂಟ್ ಉಟ್ಟು. ಕರೆಂಟ್ ಇದ್ದು ನಂಗೆಂತ? ವಾಲಗ ಬೇಕು!" ಅವರ ಅರೆಭಾಷೆಯಲ್ಲಿ 'ಉಟ್ಟು' ಎಂದರೆ ಉಂಟು; ಸಿಟ್ಟು ಬಂದಾಗ ಅದು ಇನ್ನೂ ವೇಗ. ಜೀಪು ಹೋದ ಜಾಗದಲ್ಲಿ ಒಂದು ಎಣ್ಣೆ ಕಲೆ ಮಾತ್ರ ಉಳಿಯಿತು. ಕೂತರೆ ಕೂರಲಾಗುತ್ತಿರಲಿಲ್ಲ. ಬಿದ್ದಿದ್ದ ವೈರಿನ ತುಂಡುಗಳನ್ನೆಲ್ಲ ಸುಮ್ಮನೆ ಸುಲಿದು ಸುಲಿದು ಹಾಕಿದೆ. "ತಾಮ್ರ ಹಾಳು ಮಾಡ್ಬೇಡ," ಎಂದ ಮಾವ.

ಬುಧವಾರ ಬೆಳಿಗ್ಗೆ ಲೈನಿನಲ್ಲಿ ನೀರಿಗೆ ನಿಂತಿದ್ದೆ. ನಮ್ಮ ಲೈನಿಗೆ ಇರುವುದು ಒಂದೇ ಪೈಪು, ಹನ್ನೆರಡು ನಲ್ಲಿ. ನಮ್ಮದು ಕೊನೆಯ ಮನೆ. ಐದೂವರೆಗೆ ಎದ್ದು ತಿರುಗಿಸಿದರೆ ಬಕೆಟ್ಟು ಹಾರುವಂತೆ ನೀರು. ಆರೂವರೆಗೆ ಎಲ್ಲರೂ ತಿರುಗಿಸಿದಾಗ ನಮ್ಮ ನಲ್ಲಿಯಲ್ಲಿ ಬರುವುದು ಗಾಳಿ. ಪಕ್ಕದ ಮನೆಯವಳು ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದಳು, ನನ್ನ ಕೊಡದ ನೀರು ದಾರದಷ್ಟು ಸಣ್ಣಗಾಯಿತು. ನಾನು ಕೊಡ ಬಿಟ್ಟು ನಿಂತುಬಿಟ್ಟೆ.

ಜೀಪಿನಲ್ಲಿ ನಾನು ಅಳೆದದ್ದು ಇಂಥ ಐದೂವರೆಯ ನೀರನ್ನು. ಹಾಡು ನಿಂತಿರುವಾಗ, ಕರೆಂಟನ್ನು ಯಾರೂ ಕೇಳದಿರುವಾಗ. ಮಾವನ ಬಲ್ಬು ಕೇಳುವುದು ಒಂದು ಗುಟುಕು. ಎಲ್ಲಿ ಇಟ್ಟರೂ ಉರಿಯುತ್ತದೆ. ಆಂಪ್ಲಿಫೈಯರು ಡೋಲಿನ ಪ್ರತಿ ಏಟಿಗೂ ಕೊಡಗಟ್ಟಲೆ ಕೇಳುತ್ತದೆ. ಅಳೆಯಬೇಕಾದದ್ದು ಅದು ಕೇಳುತ್ತಿರುವಾಗ. ಇದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಪೇಪರಿನ ಮೇಲೆ ಗೊತ್ತಿದ್ದದ್ದು ಜೀಪಿನ ಒಳಗೆ ಗೊತ್ತಾಗಿರಲಿಲ್ಲ.

"ಕೊಡ ತುಂಬ್ತಾ? ಏನೇ ಹಾಗೆ ನಿಂತೆ?" ಎಂದಳು ಅವ್ವ.

"ಇಲ್ಲ. ಬಸ್ಸಿಗೆ ಹೊತ್ತಾಯ್ತು," ಎಂದು ಖಾಲಿ ಕೊಡ ಒಳಗಿಟ್ಟು ಓಡಿದೆ.

ಅಂಗಡಿಯಿಂದ ಮೀಟರು, ಸ್ಪಾನರು, ಬ್ಯಾಟರಿ ಇಳಿದ ಗಾಡಿಗೆ ಇನ್ನೊಂದು ಗಾಡಿಯಿಂದ ಕರೆಂಟು ಕೊಡುವ ದಪ್ಪ ಕೇಬಲ್ಲು ಎರಡು ಜೊತೆ ಚೀಲಕ್ಕೆ ಹಾಕಿಕೊಂಡೆ. ಮಾವ ಇನ್ನೂ ಬಂದಿರಲಿಲ್ಲ, ಬೀಗದ ಇನ್ನೊಂದು ಕೀ ನನ್ನ ಹತ್ತಿರವೇ ಇತ್ತು. ಯಜಮಾನರ ತೋಟ ಬಸ್ಸಿಳಿದು ಎರಡು ಮೈಲಿ. ಕೇಬಲ್ಲಿನ ಭಾರಕ್ಕೆ ಭುಜ ಬದಲಿಸುತ್ತಾ ನಡೆದೆ. ಅವರು ಅಂಗಳದಲ್ಲಿ ಜೀಪು ತೊಳೆಸುತ್ತಿದ್ದರು, ಹಬ್ಬದ ತಯಾರಿ.

"ಎಂತ ಗೂಡೆ? ಮಾವ ಎಲ್ಲಿ?" ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ.

"ಮಾವ ಇಲ್ಲ. ನಾನೇ ನೋಡ್ಬೇಕು. ಹತ್ತು ನಿಮಿಷ ಕೊಡಿ."

"ಮಾವಂಗೆ ಆಗದ್ದು ನಿಂಗೆ ಆಕಾ?"

"ಆಗ್ಲಿಲ್ಲ ಅಂದ್ರೆ ನಾಳೆಯಿಂದ ನನ್ನ ಮುಖ ಕಾಣ್ಸಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ವಾಲಗ ಹಾಕಿ, ಪೂರ್ತಿ ಜೋರು."

ಅವರು ಹತ್ತಿ ಕೂತರು. ನಾನು ಸೀಟಿನಡಿ ತಲೆ ಹಾಕಿ ಮೀಟರಿನ ಎರಡು ಕಡ್ಡಿ ಹಿಡಿದೆ. ಇಂಜಿನ್ ಓಡುತ್ತಿತ್ತು, ಹದಿಮೂರು ಪಾಯಿಂಟ್ ಏಳು. ವಾಲಗ ಏರಿತು. ಹದಿಮೂರು, ಹನ್ನೊಂದು, ಹನ್ನೆರಡು, ಹತ್ತು. ಅಂಕಿಗಳು ಡೋಲಿಗೆ ಕುಣಿದು ಕುಣಿದು ಇಳಿದವು. ಹತ್ತಕ್ಕೂ ಕೆಳಗೆ ಬಂದಾಗ ಕೆಂಪು ದೀಪ. ಮೌನ. ತೊಳೆಯುವ ನೀರಿನ ಸದ್ದು ಮಾತ್ರ.

"ನೋಡ್ದೆಯಾ? ಸತ್ತ್ ಹೋತ್!" ಎಂದರು ಮೇಲಿನಿಂದ.

"ಇನ್ನೊಂದ್ಸಲ."

ಈಗ ಬೇರೆ ರೀತಿ. ಬ್ಯಾಟರಿಯ ಪ್ಲಸ್ಸಿನಿಂದ ಆಂಪ್ಲಿಫೈಯರಿನ ಪ್ಲಸ್ಸಿಗೆ ಬರುವ ದಾರಿಯಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ನೋಡಿದೆ. ಅರ್ಧ ವೋಲ್ಟೂ ಇಲ್ಲ. ಹೋಗುವ ದಾರಿ ಚೆನ್ನಾಗಿದೆ. ಆಮೇಲೆ ವಾಪಸು ಬರುವ ದಾರಿ: ಮೀಟರಿನ ಒಂದು ಕಡ್ಡಿ ಉದ್ದ ವೈರಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಡ್ಡಿ ಆಂಪ್ಲಿಫೈಯರಿನ ಮೈನಸ್ಸಿಗೆ. ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ವಾಲಗ ಏರಿದಾಗ ಮೂರು ವೋಲ್ಟ್ ತೋರಿಸಿತು. ಮತ್ತೆ ಹಾಕಿಸಿದೆ. ಮತ್ತೆ ಮೂರು.

ಅರ್ತು. ಆಂಪ್ಲಿಫೈಯರಿಂದ ಹೊರಟ ಕಪ್ಪು ವೈರು ಜೀಪಿನ ತಗಡಿಗೆ ಸೇರುವ ಜಾಗ. ಹಿಂದಿನ ಸೀಟಿನ ಬೋಲ್ಟು. ಮ್ಯಾಟ್ ಎತ್ತಿ ನೋಡಿದೆ. ಬೋಲ್ಟು ಬಿಗಿಯಾಗಿಯೇ ಇತ್ತು, ಹೊಳೆಯುತ್ತಲೂ ಇತ್ತು. ಅದನ್ನು ಬಿಗಿದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಜುಲೈಯಲ್ಲಿ ಮಾವ "ಅರ್ತ್ ಸೀಟ್ ಬೋಲ್ಟಿಗೆ" ಎಂದಿದ್ದ. ಬಿಗಿದವಳು ನಾನು. ಬಲ್ಬು ಇಟ್ಟು "ಉರೀತು ಮಾವ" ಎಂದವಳೂ ನಾನೇ.

ಸ್ಪಾನರಿನಿಂದ ಬಿಚ್ಚಿದೆ. ವೈರಿನ ಉಂಗುರದ ಅಡಿಯಲ್ಲಿ ತಗಡು ಕಾಣಲಿಲ್ಲ. ಕಪ್ಪಗೆ, ದಪ್ಪಗೆ, ಬೆರಳಿನ ಉಗುರು ಒತ್ತಿದರೆ ಗುರುತು ಬೀಳುವ ಟಾರಿನ ಬಣ್ಣ.

ನಮ್ಮ ಕಡೆ ಮೇ ತಿಂಗಳಲ್ಲಿ ಎಲ್ಲ ಗಾಡಿಗಳಿಗೂ ಈ ಸ್ನಾನ ಆಗುತ್ತದೆ. ತಳಕ್ಕೆ, ಬಾಗಿಲ ಅಂಚಿಗೆ, ಕೆಲವರು ಒಳಗಿನ ನೆಲಕ್ಕೂ ಟಾರು ಬಳಿಯುತ್ತಾರೆ. ಬಳಿಯದಿದ್ದರೆ ಎರಡು ಮಳೆಗಾಲಕ್ಕೆ ತಗಡು ಹಪ್ಪಳ. ಬಳಿದದ್ದನ್ನು ಯಾರೂ ಕೆರೆಯುವುದಿಲ್ಲ. ನಮ್ಮ ಅಂಗಡಿಯಲ್ಲೂ ಅದೇ ನಿಯಮ: ಏನೇ ಜೋಡಿಸು, ಟಾರು ಮುಟ್ಟಬೇಡ. ಅಂದರೆ ನಾನು ಅರ್ತು ಕಟ್ಟಿದ್ದು ಟಾರಿಗೆ. ಬೋಲ್ಟಿನ ಮರೆಯಲ್ಲಿ ಎಲ್ಲೋ ಎರಡು ಎಳೆ ತಗಡಿಗೆ ತಾಗಿತ್ತು, ಬಲ್ಬಿಗೆ ಅಷ್ಟು ಸಾಕಾಗಿತ್ತು.

"ಇಲ್ಲಿ ಟಾರು ಕೆರೀಬೇಕು," ಎಂದೆ.

ಯಜಮಾನರು ಜೀಪಿನಿಂದ ಇಳಿದೇ ಬಂದರು. "ಎಂತ? ಟಾರಾ? ನಾ ಬುಡ್ದಿಲ್ಲೆ. ನಾನೇ ಮಂಡಿ ಊರಿ ಬಳ್ದದ್ದ್ ಅದು. ನೀ ಕೆರ್ದ್ ಹೋದರೆ ಬರುವ ವರ್ಷ ತಗಡು ತೂತಾಗಿ ನನ್ನ ಕಾಲು ರೋಡಿಗೆ ತಾಗುದು!"

"ಒಂದು ನಾಣ್ಯದಷ್ಟು ಜಾಗ."

"ತುಕ್ಕಿಗೆ ನಾಣ್ಯದಷ್ಟೇ ಸಾಕು."

ಅದೂ ಸುಳ್ಳಲ್ಲ. ವಾದ ಮಾಡುವಷ್ಟು ಸಮಾಧಾನ ನನಗಿರಲಿಲ್ಲ. ಚೀಲದಿಂದ ಕೇಬಲ್ಲುಗಳನ್ನು ತೆಗೆದು, ಒಂದಕ್ಕೊಂದು ಕಚ್ಚಿಸಿ ಉದ್ದ ಮಾಡಿ, ಒಂದು ತುದಿಯನ್ನು ಆಂಪ್ಲಿಫೈಯರಿನ ಮೈನಸ್ಸಿಗೆ, ಇನ್ನೊಂದನ್ನು ಬಾನೆಟ್ಟಿನೊಳಗೆ ಬ್ಯಾಟರಿಯ ಮೈನಸ್ಸಿಗೆ ಹಿಡಿಸಿದೆ. ಜೀಪಿನ ಉದ್ದಕ್ಕೂ ಕೇಬಲ್ಲು ಕೇರೆ ಹಾವಿನಂತೆ ಮಲಗಿತು. "ಈಗ ಹಾಕಿ. ಎಷ್ಟು ಬೇಕೋ ಅಷ್ಟು ಜೋರು."

ಹಾಕಿದರು. ವಾಲಗ ಏರಿತು, ಇನ್ನೂ ಏರಿತು. ಹಸಿರು ದೀಪ ಹಸಿರಾಗಿಯೇ ಇತ್ತು. ಪೆಟ್ಟಿಗೆಯ ಏಟಿಗೆ ಅಂಗಳದ ಬಕೆಟ್ಟಿನ ನೀರು ಉಂಗುರ ಉಂಗುರವಾಗಿ ನಡುಗಿತು. ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದು ಕಿವಿ ಮುಚ್ಚಿ ಏನೋ ಕೂಗಿದರು. ಯಜಮಾನರಿಗೆ ಕೇಳಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಎರಡು ಕೈ ಮೇಲೆತ್ತಿ ಸೀಟಿನಲ್ಲಿ ಕೂತಲ್ಲೇ ಕುಣಿಯುತ್ತಿದ್ದರು. ನಾನು ಕೇಬಲ್ಲಿನ ತುದಿಯನ್ನು ಕಿತ್ತೆ. ನಾಲ್ಕು ಏಟು. ಕೆಂಪು. ಮೌನ.

ಅವರು ಕೇಬಲ್ಲು ನೋಡಿದರು, ಬೋಲ್ಟು ನೋಡಿದರು, ನನ್ನನ್ನು ನೋಡಿದರು.

"ಈ ಹಗ್ಗನೇ ಕಟ್ಟಿ ಬುಡು ಹಂಗಾರೆ."

"ಇಷ್ಟುದ್ದ ದಪ್ಪ ವೈರು ಅಂಗಡೀಲಿಲ್ಲ. ಕುಶಾಲನಗರದಿಂದ ಬರ್ಬೇಕು, ಹಬ್ಬ ಮುಗಿದಿರ್ತದೆ."

ಅವರು ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು, ಟಾರಿನ ಮೇಲಿಟ್ಟು, ಮೊಳೆಯಿಂದ ಸುತ್ತ ಗೆರೆ ಎಳೆದರು. "ಈ ಗೆರೆ ದಾಂಟ್‌ಬೇಡ." ನಾನು ಗೆರೆ ದಾಟಲಿಲ್ಲ. ತಗಡು ಬೆಳ್ಳಗೆ ಬರುವವರೆಗೆ ಕೆರೆದು, ಉಂಗುರ ಕೂರಿಸಿ, ಬಿಗಿದು, ಮೇಲಿನಿಂದ ಮತ್ತೆ ಟಾರು ಬಳಿದೆ. ಮೀಟರು ಹಿಡಿದೆ. ಮೂರು ವೋಲ್ಟ್ ಇದ್ದಲ್ಲಿ ಸೊನ್ನೆ ಪಾಯಿಂಟ್ ಒಂದು. ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಪುಸ್ತಕ ತರುವುದನ್ನೇ ಮರೆತಿದ್ದೆ.

ದೋಷ ಹುಡುಕಿದ್ದಾಯಿತು. ಆದರೆ ಬಸ್ಸಿಗೆ ಕಾಯುತ್ತಾ ನಿಂತಾಗ ಬೇರೊಂದು ಪ್ರಶ್ನೆ ಎದ್ದಿತು. ಮಾವನಿಗೆ ಏನು ಹೇಳುವುದು? 'ಅರ್ತು ಸಡಿಲ ಆಗಿತ್ತು' ಎಂದರೆ ಮುಗಿಯಿತು, ಸೈನು ಬೀಳುತ್ತದೆ. ಟಾರಿನ ಮೇಲೆ ನಾನೇ ಕಟ್ಟಿದ್ದು ಎಂದರೆ, ಸುಳ್ಳಿಗೆ ಸೈನು ಹಾಕದ ಮನುಷ್ಯ ತಪ್ಪಿಗೆ ಹಾಕುತ್ತಾನೆಯೇ? ಎರಡು ತಿಂಗಳು ಅವನಿಗೆ ಬೈಗುಳ ತಿನ್ನಿಸಿದ ತಪ್ಪು ಅದು. ಬಸ್ಸು ಬಂದರೂ ತೀರ್ಮಾನವಾಗಿರಲಿಲ್ಲ.

ಗುರುವಾರ ಯಜಮಾನರೇ ಜೀಪು ತಂದು ಅಂಗಡಿ ಮುಂದೆ ನಿಲ್ಲಿಸಿ ವಾಲಗ ಬಿಟ್ಟರು. ಹಲಗೆಗೆ ನೇತುಹಾಕಿದ್ದ ಹಾರನ್ನುಗಳು ಒಂದಕ್ಕೊಂದು ತಾಗಿ ಟಣಟಣ ಅಂದವು. ಮಾವ ಹೊರಗೆ ಬಂದು ಸೀಟಿನಡಿ ಬಗ್ಗಿ ತನ್ನ ಬಲ್ಬು ಇಟ್ಟ. ಉರಿಯಿತು. ಮೊದಲು ಹೇಗೆ ಉರಿದಿತ್ತೋ ಹಾಗೆಯೇ.

"ಇದಕ್ಕೆ ವ್ಯತ್ಯಾಸವೇ ಗೊತ್ತಾಗಿಲ್ಲ," ಎಂದ ಮೆಲ್ಲಗೆ.

"ಗೊತ್ತಾಗಲ್ಲ ಮಾವ. ಅದು ಕರೆಂಟು ಕೇಳೋದೇ ಕಮ್ಮಿ." ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. "ತಪ್ಪು ನಂದೇ. ಜುಲೈಲಿ ಅರ್ತ್ ಕಟ್ಟಿದ್ದು ನಾನು. ಅಡೀಲಿ ಟಾರ್ ಇರೋದನ್ನ ನೋಡಿರ್ಲಿಲ್ಲ."

ಮಾವ ಬಲ್ಬನ್ನು ಜೇಬಿಗೆ ಇಟ್ಟುಕೊಂಡ. ಯಜಮಾನರು ನಗುವುದಕ್ಕೆ ಶುರು ಮಾಡಿದರು: "ಮಾಡ್ದವ್ಳೂ ಅವ್ಳೇ, ಹುಡ್ಕಿದವ್ಳೂ ಅವ್ಳೇ. ನಿಂಗೆಂತ ಕೆಲ್ಸ ಉಟ್ಟು ಇಲ್ಲಿ?" ಮಾವ ನಗಲಿಲ್ಲ. ಸಂಜೆ ಹಲಗೆ ಮುಚ್ಚುವವರೆಗೆ ಬ್ಯಾಟರಿಗಳಿಗೆ ನೀರು ತುಂಬುತ್ತಲೇ ಇದ್ದ. ಸರ್ಟಿಫಿಕೇಟಿನ ಸುದ್ದಿ ತೆಗೆಯಲು ನನಗೂ ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅಂಗಡಿಗೆ ಹೋದೆ. ಏಳೂವರೆಯ ಬಸ್ಸು ತಪ್ಪಿದರೆ ಕಾಲೇಜಿನ ಕಡೆಗೆ ಮುಂದಿನದು ಮಧ್ಯಾಹ್ನ, ಅದನ್ನು ನಂಬುವಂತಿಲ್ಲ. ಮಾವ ಆಗಲೇ ಬಂದು ಕೌಂಟರಿನಲ್ಲಿ ಬಿಲ್ ಪುಸ್ತಕ ತೆರೆದು ಬಗ್ಗಿ ಕೂತಿದ್ದ. ಪಕ್ಕದಲ್ಲಿ ಮುದುಡಿದ ಮೂರು ಹಾಳೆ. ನನ್ನನ್ನು ನೋಡದೆ ಸ್ಟೂಲಿನ ಕಡೆ ಕೈ ಮಾಡಿದ. ಕೂತೆ, ಎದ್ದೆ, ಬಾಗಿಲಿಗೆ ಹೋಗಿ ರಸ್ತೆ ನೋಡಿದೆ, ಮತ್ತೆ ಕೂತೆ.

"ಅಲ್ಲಾಡಬೇಡ. ಅಕ್ಷರ ಅಲ್ಲಾಡ್ತದೆ."

ಏಳು ಇಪ್ಪತ್ತು. ರಬ್ಬರ್ ಸ್ಟ್ಯಾಂಪಿನ ಮಸಿ ಒಣಗಿತ್ತು. ಮಾವ ಅದಕ್ಕೆ ಹಾ ಹಾ ಎಂದು ಉಸಿರು ಬಿಟ್ಟು, ಎರಡು ಕೈಯಿಂದ ಒತ್ತಿ, ಹಾಳೆಯನ್ನು ಸ್ಕೇಲಿಟ್ಟು ಹರಿದ. ಓದಿದೆ. ದುಂಡಗಿನ, ದೊಡ್ಡ ಅಕ್ಷರ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಬಲಕ್ಕೆ ಇಳಿದಿತ್ತು.

'ಇವಳು ನನ್ನ ಅಂಗಡಿಯಲ್ಲಿ ಕೆಲಸ ಕಲಿತಿದ್ದಾಳೆ. ಜೀಪಿನ ಆಂಪ್ಲಿಫೈಯರಿಗೆ ಅರ್ತನ್ನು ಟಾರಿನ ಮೇಲೆ ಕಟ್ಟಿದ್ದಳು. ನಾನು ಬಲ್ಬಿನಲ್ಲಿ ನೋಡಿದರೆ ಗೊತ್ತಾಗಲಿಲ್ಲ. ಇವಳು ಹಾಡು ಹಾಕಿಸಿ ಮೀಟರಿನಲ್ಲಿ ನೋಡಿ ಕಂಡುಹಿಡಿದಳು. ತಪ್ಪು ತನ್ನದೇ ಎಂದು ತಾನೇ ಹೇಳಿದಳು. ಇದು ನಿಜ.'

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಹಾಳೆಯನ್ನು ಹಾಗೇ ಹಿಡಿದು ನಿಂತಿದ್ದೆ. ಮಾವ ಅದನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಮಡಚದಂತೆ ಒಂದು ಹಳೇ ಕ್ಯಾಲೆಂಡರಿನ ರಟ್ಟಿನ ನಡುವೆ ಇಟ್ಟು, ಮತ್ತೆ ಕೊಟ್ಟ.

"ನಿನ್ನ ಕೈಲಿ ಆಗಲ್ಲ ಅಂದಿದ್ದೆ ನಾನು. ಅದನ್ನ ಇದ್ರಲ್ಲಿ ಬರೀಲಿಲ್ಲ, ಜಾಗ ಸಾಲ್ಲಿಲ್ಲ. ನಡಿ, ಬಸ್ಸು ಬಂತು."